ಅಮೆರಿಕದ ಬಾಣಂತನ

ಮಾರ್ಚ್ 4, ಬೆಳಿಗ್ಗೆ

ಒಣಮೀನು ಮತ್ತೆ ಬಿಸಿಲಿಗೆ ಹಾಕಿದೆ. ಬಾಣಂತಿ ಸಾರಿಗೆಂದು ಮೆಣಸು ಕುಟ್ಟಿಟ್ಟು ತಿಂಗಳಾಯಿತು. ಯಾರಿಗೆ? ಮಗಳು ಉಲೋಮ ಹೆರಿಗೆಗೆಂದು ಅಮೆರಿಕಕ್ಕೆ ಹಾರಿದ್ದಾಳೆ. ಮಗು ಹುಟ್ಟಿ ವಾರವಾಯಿತು, ಹೆಣ್ಣು. ನನ್ನ ವೀಸಾ ಆಗಲಿಲ್ಲವಂತೆ. ನಮ್ಮ ಇಗ್ಬೋ ಜನರಲ್ಲಿ ಮಗಳ ಬಾಣಂತನವನ್ನು ತಾಯಿಯ ಕೈಯಿಂದ ಯಾರೂ ಕಸಿಯುವುದಿಲ್ಲ. ವೀಸಾ ಕಸಿಯಿತು.

ಪಕ್ಕದ ಮನೆ ಎಬೆರೆಯಮ್ಮ ಕೇಳಿದಳು, ಅಲ್ಲಿ ಹೊಟ್ಟೆಗೆ ಬಿಸಿನೀರಿನ ಶಾಖ ಯಾರು ಕೊಡುತ್ತಾರೆ ಎಂದು. ಮಷೀನು ಅಂದೆ. ಅವಳು ಸೊಸೆಯ ಬಾಣಂತನಕ್ಕೆ ಲಂಡನ್ನಿಗೆ ಹೋಗಿ ಬಂದವಳು. ಅಲ್ಲಿಂದ ತಂದ ಕೋಟನ್ನು ಈ ಸೆಕೆಯಲ್ಲೂ ಚರ್ಚಿಗೆ ಹಾಕಿಕೊಂಡು ಬರುತ್ತಾಳೆ.

ಮಾರ್ಚ್ 9

ವಿಡಿಯೋ ಕಾಲ್. ಮಗು ಅಜ್ಜನ ಹಣೆ ಹೊತ್ತು ಬಂದಿದೆ. ನೋಡುತ್ತಿದ್ದಂತೆ ಆ ಕಡೆ ದೀಪ ಹತ್ತಿತು — ಅವಳ ಕಿಟಕಿಯ ಹೊರಗೆ ಓಣಿಯ ಮಕ್ಕಳೆಲ್ಲ, "ಕರೆಂಟ್ ಬಂತೋ" ಎಂದು ಕೂಗಿದವು. ನಮ್ಮ ಭಾಷೆಯಲ್ಲೇ. ಉಲೋಮಳ ಮುಖ ಬಾಡಿತು. ಕಾಲ್ ಕಟ್.

ಅಮೆರಿಕದಲ್ಲಿ ಕರೆಂಟ್ ಬಂದರೆ ಯಾರು ಕುಣಿಯುತ್ತಾರೆ...

ಮಾರ್ಚ್ 11, ಲೇಗೋಸ್

ಮಗಳು-ಅಳಿಯ ಇರುವ ಊರು. ಬಸ್ಸಿನಲ್ಲಿ ಸೊಂಟ ಹೋಯಿತು. ಬಾಗಿಲು ತೆರೆದವಳು ಉಲೋಮಳೇ, ಮಗು ಹೆಗಲ ಮೇಲೆ. ತಮ್ಮದೇ ಮನೆ. ಕಿಟಕಿಗೆಲ್ಲ ಪರದೆ. ಮಗುವಿಗೆ ನೀರು ಹಾಕುತ್ತಿರುವುದು ಸಂಬಳದ ನರ್ಸು.

ಅಳಿಯ ಟೈಲ್ಸ್ ವ್ಯಾಪಾರಿ. ಮೆಲ್ಲಗೆ ಬಿಡಿಸಿ ಹೇಳಿದ. ವೀಸಾ ಸಿಗದೆ ಹೋದದ್ದು ಅವರಿಗೇ. ಅಷ್ಟರಲ್ಲಿ ಹೆರಿಗೆ ಅಮೆರಿಕದಲ್ಲೇ ಎಂದು ಮಾರುಕಟ್ಟೆಗೆಲ್ಲ ಸಾರಿಯಾಗಿತ್ತು. ಅಮೆರಿಕದಲ್ಲಿ ಹುಟ್ಟಿದ ಮಗುವಿನ ಅಪ್ಪನಿಗೆ ದೊಡ್ಡ ಸಾಹುಕಾರರು ನಂಬಿ ಸಾಲಕ್ಕೆ ಸರಕು ಕೊಡುತ್ತಾರೆ. ಹೋಗಲೇ ಇಲ್ಲ ಎಂದರೆ ಅಂಗಡಿ ಮುಚ್ಚಬೇಕು.

ಹೆತ್ತವಳಿಗಾದರೂ ಹೇಳಬಾರದಿತ್ತೇ ಎಂದು ಕೇಳಿದೆ.

"ನಿನ್ ಬಾಯಿ ಊರಿಗೇ ಗೊತ್ತಲ್ಲಮ್ಮ" ಅಂದಳು ಮಗಳು. "ಬಂದಿದ್ದೀಯ, ಇರು. ಮೂರು ತಿಂಗ್ಳು ಹೊರಗೆ ಕಾಲಿಡ್ಬೇಡ. ವೀಸಾ ಆಯ್ತು, ಅಮೆರಿಕಕ್ಕೆ ಬಂದಿದ್ದೀನಿ ಅಂತ ಊರಿಗೆ ಹೇಳು. ಆಗಲ್ಲ ಅಂದ್ರೆ ನಾಳೆ ಬಸ್ಸಿದೆ."

ಈ ಹೊಟ್ಟೆಯಿಂದಲೇ ಬಂದವಳು.

ಮಾರ್ಚ್ 12

ಬಸ್ ಹೋಯಿತು. ಮಗುವಿಗೆ ನಾನೇ ನೀರು ಹಾಕಿದೆ.

ಮಾರ್ಚ್ 20, ಮಧ್ಯಾಹ್ನ

ಮಗುವಿಗೆ ಎಣ್ಣೆ ತಿಕ್ಕುತ್ತಿದ್ದಾಗ ಎಬೆರೆಯಮ್ಮನ ಫೋನ್. ಅಮೆರಿಕದಲ್ಲಿ ಚಳಿ ಹೇಗಿದೆ ಎಂದು ಕೇಳಿದಳು. ಬೆವರು ಒರೆಸಿಕೊಂಡು, ಮೂಳೆಗೇ ಇಳಿಯುತ್ತದೆ ಅಂದೆ. ಕುಟುಕುತ್ತಾಳೆ ಅಂದುಕೊಂಡಿದ್ದೆ. ಅವಳು ದೇವರಿಗೆ ಸ್ತೋತ್ರ ಅಂದಳು.

"ನೀನು ಹೋಗೋ ಹಾಗಾಗ್ಲಿ ಅಂತ ದಿನಾ ಬೇಡ್ಕೋತಿದ್ದೆ ಕಣೇ. ಭಾನುವಾರ ನಿನ್ ಹೆಸ್ರಲ್ಲಿ ಚರ್ಚಿಗೆ ನನ್ ಹುಂಜ ಒಪ್ಪಿಸ್ತೀನಿ."

ಬೇಡ ಅನ್ನಲು ಬಾಯಿ ತೆರೆದೆ. ಎದುರಿಗೆ ಉಲೋಮ — ಮಗುವನ್ನು ಎತ್ತಿಕೊಳ್ಳಲು ಎರಡೂ ಕೈ ಚಾಚಿ ನಿಂತಿದ್ದಳು. ನಾನು ಮಗುವನ್ನು ಎದೆಗೆ ಅವುಚಿಕೊಂಡು, ಒಪ್ಪಿಸು ಕಣೇ ಅಂದೆ.