ಮುಷ್ಕರದ ದಿನ ಲೋಳೆಮೀನಿನ ಊಟ

ಮಾರ್ಚ್ ೧೪, ಗುರುವಾರ

ನಾಳೆ ಬೆಳಿಗ್ಗೆಯಿಂದ ಮತ್ಸ್ಯಾಲಯದಲ್ಲಿ ನಮ್ಮ ಮುಷ್ಕರ. ತಲೆ ಕೊರೆಯುತ್ತಿರುವುದು ಮಾತ್ರ ಲೋಳೆಮೀನುಗಳ, ಅಂದರೆ ಜೆಲ್ಲಿಫಿಶ್‌ಗಳ, ಹೊಟ್ಟೆ.

ಒಂದು ಕೆಲಸವೂ ನಡೆಯಕೂಡದು ಎಂದು ಸಂಘದ ಸಭೆಯಲ್ಲಿ ಗುಡುಗಿದವನು ನಾನೇ. ತೊಟ್ಟಿಗಳಿಗೆ ಮೇವು ಹಾಕುವ ಅಕ್ಕ ಎದ್ದು ನಿಂತಳು.

"ಸಂಬಳ ಕತ್ತರಿಸಿದ್ದು ಮ್ಯಾನೇಜರು. ಲೋಳೆಮೀನು ನಿನಗೇನು ಮಾಡಿತ್ತಪ್ಪ? ಸೀಗಡಿ ಮರಿ ಹಾಕದಿದ್ರೆ ದಿನದಿನಕ್ಕೂ ಕುಗ್ಗುತ್ತೆ. ಮೂಲೆ ತೊಟ್ಟಿಯಲ್ಲಿ ಮೈಮೇಲೆ ಬಾಚಣಿಗೆ ಹಲ್ಲಿನಂಥ ಸಾಲಿರೋ ಬಾಚಣಿಗೆ ಜೆಲ್ಲಿಗಂತೂ ತನ್ನ ಕುಲದ್ದೇ ಇನ್ನೊಂದನ್ನ ನುಂಗೋಕೆ ಕೊಡಬೇಕು, ಬೇರೇನೂ ಮುಟ್ಟಲ್ಲ."

"ನಮ್ಮ ಸಂಘದಲ್ಲೂ ಅಂಥವರಿದ್ದಾರೆ ಬಿಡಕ್ಕ" ಎಂದ ಹಿಂದೆ ಕೂತಿದ್ದ ಪಂಪ್ ಮೆಕ್ಯಾನಿಕ್. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಸಂಜೆ ಮ್ಯಾನೇಜರ್ ನನ್ನನ್ನು ಕರೆಸಿದ. "ಮುಷ್ಕರ ಮಾಡಿ, ಬೇಡ ಅನ್ನಲ್ಲ. ಸತ್ತದ್ದನ್ನೆಲ್ಲ ಫೋಟೋ ತೆಗೆಸಿ ಊರಿಗೇ ತೋರಿಸ್ತೀನಿ." ಕಡಲಾಮೆಯ ತೊಟ್ಟಿಗೆ ಒರಗಿಕೊಂಡು ಹೇಳಿದ. ಆಮೆಗೂ ಲೋಳೆಮೀನೆಂದರೆ ಪ್ರಾಣ, ಆದರೆ ಅದು ಹಸಿವಿಗೆ ತಿನ್ನುತ್ತದೆ. ಇವನಿಗೆ ಬೇಕಾದದ್ದು ಹೆಣ, ನಮ್ಮ ಮುಖಕ್ಕೆ ಎಸೆಯಲು.

ಕೊಡುವುದಿಲ್ಲ. ನನ್ನ ಗುಡುಗು ಅವನ ಕೆಲಸವನ್ನೇ ಸುಲಭ ಮಾಡುತ್ತಿತ್ತು. ಬೆಳಗಾದೊಡನೆ ಎಲ್ಲರೆದುರು ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಟಿಕೆಟ್ ಕಿಟಕಿ ತೆರೆಯುವುದಿಲ್ಲ, ಗೇಟಿಗೆ ನಮ್ಮದೇ ಬೀಗ. ಅಕ್ಕನ ಜೊತೆ ಮೇವಿನ ಬಕೆಟ್ ಹಿಡಿದು ಒಳಗೆ ಹೋಗುವವನು ನಾನೇ. ಫೋಟೋದವನು ಬರಲಿ. ಹೊಟ್ಟೆ ತುಂಬಿದ ಲೋಳೆಮೀನನ್ನೂ ಹೊಟ್ಟೆಗಿಲ್ಲದ ನಮ್ಮನ್ನೂ ಒಂದೇ ಚಿತ್ರದಲ್ಲಿ ತೆಗೆಯಲಿ. ಆಮೇಲೆ ಊರೇ ಹೇಳಲಿ, ಇಲ್ಲಿ ಯಾರು ಯಾರನ್ನು ನುಂಗುತ್ತಿದ್ದಾರೆ ಎಂದು.