ಮೂರು ಕೆಂಪು ದಾರ

ನಂಜನಗೂಡು ತಾಲ್ಲೂಕು
೧೯ ಜುಲೈ ೨೦೧೭, ಬುಧವಾರ

ಒಂದು ಕಾಲದ ಗೆಳತಿ ರಮ್ಯಳಿಗೆ,

ಇಲ್ಲಿ ನಾವು ಕ್ಷೇಮ. ನಿನ್ನ ಕ್ಷೇಮ ಕೇಳಿ ಕಾಗದ ಶುರು ಮಾಡೋ ಅಭ್ಯಾಸ ಹಾಸ್ಟೆಲಿನ ದಿನದಿಂದ ಇತ್ತು, ಈ ಸಲ ಬಿಟ್ಟಿದ್ದೀನಿ. ನೀನು ನೆಮ್ಮದಿಯಾಗಿರಬಾರದು ಅಂತಲೇ ಬರೀತಿದ್ದೀನಿ, ಮುಚ್ಚುಮರೆ ಯಾಕೆ? ಫೋನು ಮಾಡಿದರೆ ನೀನು 'ಗೌತೂ' ಅಂತ ರಾಗ ಎಳೆದು, ಎರಡು ಹನಿ ಕಣ್ಣೀರು ಹಾಕಿ, ನನ್ನ ಬಾಯಿ ಕಟ್ಟಿಬಿಡ್ತೀಯ. ಕಾಗದದ ಮುಂದೆ ಅಳು, ಅದು ಕರಗಲ್ಲ.

ಹೋದ ವಾರ ನಿನ್ನ ಮೆಸೇಜು ಬಂತು. 'ಏಳನೇ ಕಕ್ಷೆ' ಸಿನಿಮಾದ ಎರಡನೇ ಭಾಗ ಶುರುವಾಗ್ತಿದೆ, ಅದೇ ಬೂದು ಬಟ್ಟೆ ನಲವತ್ತು ತಾನು ಬೇಕು, ಅಂಚಿನಲ್ಲಿ ಮೂರು ಕೆಂಪು ದಾರ ಇರಲೇಬೇಕು, ಅದು ಈಗ ನನ್ನ ಗುರುತು, ಅವ್ವನಿಗೆ ಹೇಳಿ ಬೇಗ ನೇಯಿಸು ಅಂತ. ಕೊನೆಗೆ ಹಲ್ಲು ಕಿರಿಯೋ ಒಂದು ಗೊಂಬೆ ಮುಖ. ನಿನ್ನ ಗುರುತಂತೆ! ಅದನ್ನು ಓದಿದಾಗ ನನ್ನ ಕೈಲಿದ್ದ ಚಾ ಲೋಟ ಗೋಡೆಗೆ ಹೋಯಿತು ಕಣೇ. ಗೋಡೆಯ ಕಲೆ ಇನ್ನೂ ಹೋಗಿಲ್ಲ.

ನಿನಗೆ ಮರೆತಿದ್ದರೆ ನೆನಪು ಮಾಡ್ತೀನಿ. ಎರಡು ವರ್ಷದ ಹಿಂದೆ ನೀನು ನಮ್ಮೂರಿಗೆ ಬಂದೆ. ನೇಕಾರರ ಸಂಘದ ಮಗ್ಗದ ಮನೆಯಲ್ಲಿ ಅವ್ವ ನೇಯ್ತಾ ಇದ್ದ ಬಟ್ಟೆ ಮುಟ್ಟಿದವಳೇ ನಿಂತುಬಿಟ್ಟೆ. ಬೇರೆ ಗ್ರಹದಲ್ಲಿ ಒಬ್ಬಳೇ ಉಳಿದುಹೋದ ಹೆಂಗಸು ಉಡಬೇಕಾದ ಬಟ್ಟೆ ಇದೇ, ನಿರ್ದೇಶಕರು ಹದಿನಾರು ಬಟ್ಟೆ ಮುಖಕ್ಕೆ ಎಸೆದಿದ್ದಾರೆ, ಇದೊಂದು ಸಿಗದಿದ್ದರೆ ಸಿನಿಮಾದ ವಸ್ತ್ರ ವಿನ್ಯಾಸದ ಕೆಲಸದಿಂದ ನನ್ನನ್ನು ಕಿತ್ತು ಹಾಕ್ತಾರೆ ಅಂದೆ. ಆದರೆ ಸಂಘದ ಕಟ್ಟಳೆ ನಿನಗೂ ಗೊತ್ತಿತ್ತು. ಒಳ್ಳೆ ಬಟ್ಟೆಯೆಲ್ಲ ಆ ವರ್ಷದ ಆರ್ಡರಿಗೆ ಹೋಗಬೇಕು, ಹೊರಗಿನವರಿಗೆ ಒಂದು ಮೊಳವೂ ಇಲ್ಲ. ತಪ್ಪು ಬಿದ್ದ ತಾನು ಮಾತ್ರ ಯಾರಿಗೆ ಬೇಕಾದರೂ ಕೊಡಬಹುದು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಎಳೆ ಹರಿದ ಕಡೆ, ಹೊಕ್ಕು ಸಡಿಲವಾದ ಕಡೆ ಅಂಚಿಗೆ ಕೆಂಪು ದಾರ ಕಟ್ಟೋದು ನನ್ನ ಕೆಲಸ. ದಾರ ಬಿತ್ತು ಅಂದರೆ ಅದು ತಪ್ಪಿನ ಬಟ್ಟೆ.

ಆ ರಾತ್ರಿ ನೀನು ನಮ್ಮ ಮನೆಯಲ್ಲೇ ಉಳಿದೆ. ಅವ್ವ ಮಾಡಿದ ಉಪ್ಸಾರು ಮುದ್ದೆ ಉಂಡು, ಅವಳದೇ ಕಂಬಳಿ ಹೊದ್ದು, ಹೇಗಾದರೂ ಮಾಡಿ ಕೊಡಿಸು ಕಣೇ ಅಂತ ಬೆಳಗಿನತನಕ ನನ್ನ ಪ್ರಾಣ ತಿಂದೆ. ನಿನ್ನ ಅದೃಷ್ಟ, ಮಾರನೇ ದಿನ ಅವ್ವನ ಆ ತಾನಿನಲ್ಲೇ ಮೂರು ತಪ್ಪು ಸಿಕ್ಕವು. ಮೂರು ದಾರ ಬಿದ್ದವು. ನಾನೇ ನರಸೀಪುರದ ಬಸ್ ಸ್ಟ್ಯಾಂಡಿನವರೆಗೂ ಬಂದು, ಹೊರಟ ಬಸ್ಸಿನ ಹಿಂದೆ ಓಡಿ, ಕಿಟಕಿಯಲ್ಲಿ ಚೀಲ ತುರುಕಿದೆ. ಸಿನಿಮಾದಲ್ಲಿ ಅವ್ವನ ಹೆಸರು ಹಾಕಿಸ್ತೀನಿ ಅಂತ ನೀನು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ್ದು ಕಡಲೆಕಾಯಿ ಮಾರೋ ಹೆಂಗಸಿಗೂ ಕೇಳಿಸಿತ್ತು.

ಆಮೇಲೆ ಇಲ್ಲಿ ಏನಾಯಿತು ಅಂತ ನೀನು ಒಂದು ದಿನವಾದರೂ ಕೇಳಿದೆಯಾ? ನನ್ನವ್ವ ಮಹದೇವಮ್ಮ ಹುಡುಗಿಯಾಗಿದ್ದಾಗ ಬದನವಾಳಿನ ಖಾದಿ ಕೇಂದ್ರದಲ್ಲಿ ನೂಲೋದು ಕಲಿತವಳು. ಮೂವತ್ತೊಂದು ವರ್ಷ ಮಗ್ಗದಲ್ಲಿ ಕೂತಿದ್ದಾಳೆ. ಅಷ್ಟು ವರ್ಷದಲ್ಲಿ ಅವಳ ಬಟ್ಟೆಗೆ ಒಂದೇ ಒಂದು ಕೆಂಪು ದಾರ ಬಿದ್ದಿರಲಿಲ್ಲ. ಒಂದೇ ತಾನಿಗೆ ಮೂರು ಅಂದಾಗಲೂ ಸಂಘದ ಅಧ್ಯಕ್ಷೆ ರುದ್ರಮ್ಮನವರು ಅವಳನ್ನು ಬೈಯಲಿಲ್ಲ. ಬೈಯದೇ ಇದ್ದದ್ದೇ ಅವ್ವನಿಗೆ ನಾಟಿತು. ಕಣ್ಣು ಓಯ್ತು ಕನವ್ವ, ಇನ್ನು ನಾನು ಕೂರಲ್ಲ ಅಂತ ಮಗ್ಗದ ಗುಂಡಿಯಿಂದ ಎದ್ದು ಬಂದಳು. ಮೈಸೂರಿನ ಕಣ್ಣಿನ ಡಾಕ್ಟರು ನೋಡಿ, ಈ ವಯಸ್ಸಿಗೆ ಇಷ್ಟು ಚೆನ್ನಾಗಿರೋ ಕಣ್ಣು ನಾನು ನೋಡಿಲ್ಲ ಅಂದರು. ಡಾಕ್ಟ್ರು ನೇದವ್ರಾ ಅಂತ ಕೇಳಿದಳು ಅವ್ವ. ಅವತ್ತಿನಿಂದ ಬೇರೆಯವರ ಲಾಳಿಯೊಳಗೆ ಹಾಕೋ ಕಂಡಿಕೆಗೆ ನೂಲು ಸುತ್ತಿಕೊಡ್ತಾ ಮೂಲೆಯಲ್ಲಿ ಕೂತಿದ್ದಾಳೆ. ರಾಣಿ ಹಾಗಿದ್ದವಳು ಕಣೇ!

ನನಗೆ ಉಳಿದಿದ್ದು ಒಂದೇ ಆಸೆ. ಸಿನಿಮಾದಲ್ಲಿ ಅವಳ ಹೆಸರು ಬಂದರೆ, ಅದನ್ನು ಅವಳ ಕಣ್ಣಿಗೆ ತೋರಿಸಿದರೆ, ಮತ್ತೆ ಮಗ್ಗಕ್ಕೆ ಇಳೀತಾಳೆ ಅಂತ. ನಂಜನಗೂಡಿನ ಟಾಕೀಸಿಗೆ ಸಿನಿಮಾ ಬಂದಾಗ ಹೊಸ ಸೀರೆ ಉಡಿಸಿ ಕರಕೊಂಡು ಹೋದೆ. ಹೆಸರುಗಳು ಮೇಲೇರೋಕೆ ಶುರುವಾದ ತಕ್ಷಣ ಆ ಪುಣ್ಯಾತ್ಮರು ದೀಪ ಹಾಕಿ ಬಾಗಿಲು ತೆಗೆದರು, ಜನ ಎದ್ದು ಅಡ್ಡ ನಿಂತರು. ಒಂದಕ್ಷರ ಕಾಣಲಿಲ್ಲ. ನಿನಗೆ ಫೋನು ಮಾಡಿದರೆ, ಡಿವಿಡಿ ಬರಲಿ ಗೌತು, ನಿಲ್ಲಿಸಿ ನಿಲ್ಲಿಸಿ ತೋರಿಸು ಅಂದೆ. ಒಂಬತ್ತು ತಿಂಗಳು ಕಾದೆವು.

ಡಿವಿಡಿ ಬಂತು. ಪಕ್ಕದ ಮನೆಯವರ ಹತ್ತಿರ ಪ್ಲೇಯರ್ ಇಸಕೊಂಡು ಬಂದು, ಕೊನೆಯ ಹೆಸರುಗಳನ್ನು ನಾಲ್ಕು ಸಲ ನಿಲ್ಲಿಸಿ ನಿಲ್ಲಿಸಿ ಓದಿದೆ. ಊಟ ಬಡಿಸಿದವರ ಹೆಸರಿದೆ, ನಾಯಿಯನ್ನು ಪಳಗಿಸಿದವನ ಹೆಸರಿದೆ. ಅವ್ವನದಿಲ್ಲ. 'ವಸ್ತ್ರ ವಿನ್ಯಾಸ ಮತ್ತು ನೇಯ್ಗೆ: ರಮ್ಯ' ಅಂತಿದೆ. ನೇಯ್ಗೆ! ಅದರ ಜೊತೆಗಿದ್ದ ನಿನ್ನ ಸಂದರ್ಶನವನ್ನೂ ನೋಡಿದೆವು. ಎಂಟು ತಿಂಗಳು ನಾನೇ ಮಗ್ಗದಲ್ಲಿ ಕೂತು ನೇಯ್ದೆ ಅಂತ ಕೈ ಆಡಿಸಿಕೊಂಡು ಹೇಳ್ತೀಯಲ್ಲ, ನಿನ್ನ ಬಾಯಲ್ಲಿ ಹುಳ ಬೀಳ! ಲಾಳಿ ಯಾವ ಕೈಯಿಂದ ಯಾವ ಕೈಗೆ ಹೋಗುತ್ತೆ ಅಂತಲೂ ನಿನಗೆ ಗೊತ್ತಿಲ್ಲ.

ಅವ್ವ ಮಾತ್ರ ನಿನ್ನ ಮಾತಿಗೆ ಕಿವಿಗೊಡಲಿಲ್ಲ. ನಾಯಕಿ ಕೆಂಪು ಮಣ್ಣಿನಲ್ಲಿ ನಡೆದು ಬಂದು ನಿಲ್ಲೋ ದೃಶ್ಯದಲ್ಲಿ ನಾನು ಬಟ್ಟೆ ನೋಡು ಅಂತ ಚಿತ್ರ ನಿಲ್ಲಿಸಿದ್ದೆ. ಎದೆಯ ಅಂಚಿನಲ್ಲಿ ಮೂರು ಕೆಂಪು ದಾರ. ನೀನು ಅವನ್ನು ಕಿತ್ತೇ ಇರಲಿಲ್ಲ. ಅವ್ವ ಟಿವಿ ಹತ್ತಿರ ಹೋಗಿ ಒಂದೊಂದರ ಮೇಲೂ ಬೆರಳಿಟ್ಟು ನೋಡಿದಳು. ನನ್ ತಪ್ಪ ದೇಸಕ್ಕೆಲ್ಲಾ ತೋರ್ಸವ್ರಲ್ಲವ್ವ ಅಂದಳು. ನನ್ನ ಹೆಸರು ಇಲ್ಲದೇ ಇದ್ದದ್ದೇ ಒಳ್ಳೇದಾಯ್ತು ಅಂದಳು. ಅವತ್ತು ಉಣ್ಣಲಿಲ್ಲ.

ಆ ಮಾತು ಕೇಳಿದ ಮೇಲೂ ನಿನ್ನನ್ನು ಬಿಡೋಕಾಗುತ್ತಾ? ಡಿವಿಡಿ ಮಾರೋ ವೆಬ್‌ಸೈಟಿಗೆ ಹೋಗಿ, ಕೊಂಡವರು ಬರೆದ ಅಭಿಪ್ರಾಯವನ್ನೆಲ್ಲ ಕೂತು ಓದಿದೆ. ಒಬ್ಬರು ಪಾರ್ಸೆಲ್ ಬೇಗ ಬಂತು ಅಂತ ಐದು ಸ್ಟಾರ್ ಕೊಟ್ಟಿದ್ದಾರೆ, ಸಿನಿಮಾ ಇನ್ನೂ ನೋಡಿಲ್ಲವಂತೆ. ಇನ್ನೊಬ್ಬಾಕೆಗೆ ಡಬ್ಬಿ ಒಡೆದು ಬಂದಿತ್ತಂತೆ, ಆ ಸಿಟ್ಟಿಗೆ ನಾಯಕಿಯ ಅಭಿನಯವೂ ಸರಿಯಿಲ್ಲ ಅಂದಿದ್ದಾರೆ. ದೀಪಕ್ ಅನ್ನೋ ಹುಡುಗ, ರಾಕೆಟ್ಟು ನಮ್ಮಮ್ಮನ ಕುಕ್ಕರ್ ಥರ ಇದೆ, ಸೀಟಿ ಒಂದು ಹೊಡೆದಿಲ್ಲ, ಆದರೆ ಬಟ್ಟೆ ಮಾತ್ರ ಸೂಪರ್, ಒಂದು ಗಂಟೆ ಹನ್ನೆರಡನೇ ನಿಮಿಷಕ್ಕೆ ನಿಲ್ಲಿಸಿ ನೋಡಿ, ಎದೆ ಮೇಲೆ ಮೂರು ಕೆಂಪು ದಾರ ಇದೆ, ಸತ್ತುಹೋದ ಮೂವರು ಜೊತೆಗಾರರ ನೆನಪಿಗಾ ಅಂತ ಕೇಳಿದ್ದಾನೆ. ಅದಕ್ಕೆ ಬನ್ನೂರಿನ ಚಿಕ್ಕಸ್ವಾಮಿ ಅನ್ನೋ ರಿಟೈರ್ಡ್ ವಿಜ್ಞಾನದ ಮೇಷ್ಟ್ರು ಎರಡು ಪುಟ ಉತ್ತರ ಬರೆದಿದ್ದಾರೆ. ಟಿವಿ ಮೇಲೆ ಸ್ಕೇಲು ಇಟ್ಟು ಅಳೆದರಂತೆ. ದಾರಗಳ ನಡುವಿನ ಅಂತರ ಕೂದಲಷ್ಟೂ ಹೆಚ್ಚುಕಮ್ಮಿ ಇಲ್ಲ, ಆದ್ದರಿಂದ ಇದು ಬೇಕಂತಲೇ ಇಟ್ಟಿದ್ದು, ಆ ಗ್ರಹದ ಮೂರು ಸೂರ್ಯರ ಗುರುತು ಅಂತ.

ಅದರ ಕೆಳಗೆ ನೀನು ಬಂದೆ. ನಿನ್ನದೇ ಹೆಸರು, ನಿನ್ನದೇ ಫೋಟೋ. ಚಿಕ್ಕಸ್ವಾಮಿ ಸಾರ್, ಇಷ್ಟು ಜನರಲ್ಲಿ ನೀವೊಬ್ಬರೇ ಹಿಡಿದಿರಿ, ಮೂರು ಸೂರ್ಯರೇ ಹೌದು, ತಿಂಗಳುಗಟ್ಟಲೆ ಧ್ಯಾನಿಸಿ ಹೊಳೆದದ್ದು ಅಂತ. ಧ್ಯಾನ ಅಂತೆ, ಧ್ಯಾನ! ಆ ಮೇಷ್ಟ್ರು ಪಾಪ ಹಿಗ್ಗಿ ಹೀರೇಕಾಯಿಯಾಗಿ ಇನ್ನೊಂದು ಪುಟ ಬರೆದರು. ಈಗ ಎರಡನೇ ಭಾಗದ ಪೋಸ್ಟರ್ ಮೇಲೂ ಮೂರು ಕೆಂಪು ಗೆರೆ. ಬರೋ ಭಾನುವಾರ ನರಸೀಪುರದಲ್ಲಿ ಊರಿನ ಮಗಳು ಅಂತ ನಿನಗೆ ಸನ್ಮಾನವಂತೆ, ಬ್ಯಾನರಿನ ಮೇಲೂ ಅದೇ ಗೆರೆ. ನೋಡಿಕೊಂಡು ಬಂದೆ.

ಈಗ ಕೇಳು. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಮೇಷ್ಟ್ರ ಅಭಿಪ್ರಾಯದ ಕೆಳಗೆ ನನ್ನದೂ ಒಂದು ಬೀಳುತ್ತೆ. ಒಂದು ಸ್ಟಾರ್. ಸಂಘದಲ್ಲಿ ತಪ್ಪಿನ ಬಟ್ಟೆ ಪೇರಿಸಿಟ್ಟ ಕಪಾಟಿನ ಫೋಟೋ, ಪ್ರತಿಯೊಂದು ತಾನಿನ ಅಂಚಿಗೂ ನೇತಾಡೋ ಕೆಂಪು ದಾರ. ಸೂರ್ಯ ಅಲ್ಲ ಸ್ವಾಮಿ, ಇದು ತಿರಸ್ಕಾರ ಮಾಡಿದ ಬಟ್ಟೆಯ ಗುರುತು, ಈಕೆ ನೇಯ್ದಿದ್ದೂ ಸುಳ್ಳು, ಧ್ಯಾನಿಸಿದ್ದೂ ಸುಳ್ಳು ಅಂತ ಬರೆದಿಟ್ಟಿದ್ದೀನಿ. ನಿನ್ನನ್ನು ನೋಡಿ ಜನ ನಗಬೇಕು. ವೇದಿಕೆ ಮೇಲೆ ಶಾಲು ಹೊದಿಸೋವಾಗಲೂ ಯಾರು ನಕ್ಕರೋ ಅಂತ ನೀನು ತಿರುಗಿ ತಿರುಗಿ ನೋಡಬೇಕು. ಈ ಕಾಗದವನ್ನು ಬೇಕಂತಲೇ ಅಂಚೆಗೆ ಹಾಕ್ತಿದ್ದೀನಿ. ಇದು ನಿನ್ನ ಕೈ ಸೇರೋದು ಶನಿವಾರ. ಅಷ್ಟರಲ್ಲಿ ಎಲ್ಲರೂ ಓದಿ ಆಗಿರುತ್ತೆ.

ಇತಿ,
ಗೆಳತಿ ಅಂತ ಬರೆಯೋಕೆ ಕೈ ಬರ್ತಿಲ್ಲ,
ಮಹದೇವಮ್ಮನ ಮಗಳು ಗೌತಮಿ

ತಾ.ಕ.: ಗುರುವಾರ ಮಧ್ಯಾಹ್ನ. ಲಕೋಟೆ ಇನ್ನೂ ಅಂಟಿಸಿರಲಿಲ್ಲ, ಅಷ್ಟರಲ್ಲಿ ಒಂದಷ್ಟು ನಡೆದುಹೋಯಿತು.

ಹತ್ತು ಗಂಟೆಗೆ ಎಲ್ಲ ಟೈಪು ಮಾಡಿ ಒತ್ತೋಕೆ ಹೋದೆ, ಬೆರಳು ನಿಂತಿತು. ತಪ್ಪಿನ ಬಟ್ಟೆ ಅಂದಮೇಲೆ ಯಾರ ತಪ್ಪು ಅಂತ ಕೇಳ್ತಾರಲ್ಲ. ನಿನ್ನ ಮಾನ ತೆಗೆಯೋಕೆ ಹೋಗಿ, ಮಹದೇವಮ್ಮ ಮೂರು ಕಡೆ ಕೆಡಿಸಿದಳು ಅಂತ ನಾನೇ ಊರಿಗೆಲ್ಲ ಸಾರಿದ ಹಾಗಾಗುತ್ತಿತ್ತು. ಅವ್ವ ಕೆಡಿಸಿರಲಿಲ್ಲ ರಮ್ಯ. ಆ ತಾನಿನಲ್ಲಿ ಒಂದು ತಪ್ಪೂ ಇರಲಿಲ್ಲ. ನೀನು ಅತ್ತುಕೊಂಡು ಕೇಳಿದೆ ಅಂತ, ನಿನಗೆ ಆ ಬಟ್ಟೆ ಸಿಗಲಿ ಅಂತ, ನಾನೇ ಮೂರು ದಾರ ಕಟ್ಟಿದೆ. ಅವಸರದಲ್ಲಿ ನಾಲ್ಕು ಬೆರಳು, ನಾಲ್ಕು ಬೆರಳು ಅಂತ ಅಳೆದು ಕಟ್ಟಿದ್ದೆ. ಚಿಕ್ಕಸ್ವಾಮಿ ಮೇಷ್ಟ್ರು ಸರಿಯಾಗೇ ಹೇಳಿದ್ದಾರೆ, ತಪ್ಪುಗಳು ಹಾಗೆ ಅಳತೆ ಹಿಡಿದು ಬರಲ್ಲ. ಕೊಡೋ ಮುಂಚೆ ಕಿತ್ತುಬಿಡೋಣ ಅಂತಿದ್ದೆ, ನಿನ್ನ ಬಸ್ಸು ಹೊರಟುಬಿಟ್ಟಿತು. ಆಮೇಲೆ ಎರಡು ವರ್ಷ, ಅವ್ವ ಮೂಲೆಯಲ್ಲಿ ಕಂಡಿಕೆ ಸುತ್ತೋದನ್ನು ದಿನಾ ನೋಡ್ತಾ ಬಾಯಿ ಮುಚ್ಚಿಕೊಂಡಿದ್ದೆ. ನಿನ್ನನ್ನು ಬೈಕೊಂಡು ಇರೋದು ಸುಲಭವಾಗಿತ್ತು.

ಆದ್ದರಿಂದ ಅದನ್ನೂ ಸೇರಿಸಿ ಬರೆದೆ. ನಿನ್ನ ಸುಳ್ಳು, ನನ್ನ ಸುಳ್ಳು, ಬಟ್ಟೆ ನೇಯ್ದವಳ ಹೆಸರು, ಮೂರೂ. ರುದ್ರಮ್ಮನವರ ಮುಂದೆ ಹೋಗಿ ಮೊದಲು ಒಪ್ಪಿಕೊಂಡೆ. ಬಟ್ಟೆ ನೋಡೋ ಕೆಲಸದಿಂದ ಇವತ್ತೇ ತೆಗೆದರು. ಆಮೇಲೆ ಅವ್ವನ ಪಕ್ಕ ಕೂತು, ಬರೆದಿದ್ದನ್ನು ಒಂದಕ್ಷರ ಬಿಡದೆ ಓದಿ ಹೇಳಿದೆ.

ಅವ್ವ ರಾಟೆ ನಿಲ್ಲಿಸಿದಳು. ಎರಡ್ನೇದೂ ಸುಳ್ಳಾ ಅಂತ ಕೇಳಿದಳು. ಎರಡನೇ ದಾರದ ಹತ್ತಿರ ಎಳೆ ಬಿಟ್ಟಿದ್ದೆನೋ ಏನೋ ಅಂತ ಅವಳಿಗೇ ಎರಡು ವರ್ಷದಿಂದ ಅನುಮಾನವಂತೆ. ಅದೂ ಸುಳ್ಳು ಅಂದೆ. ಆಮೇಲೆ ಬೈದಳು ನೋಡು, ಅದನ್ನು ಕಾಗದದಲ್ಲಿ ಬರೆಯೋ ಹಾಗಿಲ್ಲ. ಬೈದು ಮುಗಿಸಿ ನನ್ನ ಡಬ್ಬಿಯಿಂದ ಕೆಂಪು ದಾರ ತೆಗೆದು, ಒಂದು ತುಂಡು ಕತ್ತರಿಸಿ, ನನ್ನ ಸೆರಗಿನ ಅಂಚಿಗೆ ಗಂಟು ಹಾಕಿದಳು. ನಾನು ಬಿಚ್ಚೋಗಂಟ ನೀನು ಬಿಚ್ಬ್ಯಾಡ ಅಂದಳು. ಹೋಗಿ ಮಗ್ಗದ ಗುಂಡಿಗೆ ಇಳಿದಳು. ಲಾಳಿ ಸದ್ದು ಇಲ್ಲಿಗೂ ಕೇಳ್ತಿದೆ. ಅವಳು ನೇಯ್ತಿರೋದು ನಿನ್ನ ನಲವತ್ತು ತಾನು ಅಲ್ಲ.

ನನ್ನ ಅಭಿಪ್ರಾಯವನ್ನು ಹನ್ನೆರಡೂವರೆಗೆ ಹಾಕಿದೆ. ಲಕೋಟೆಯೊಳಗೆ ಬೆರಳು ಹಾಕಿ ನೋಡು, ಇನ್ನೊಂದು ತುಂಡು ದಾರ ಇದೆ. ಅದನ್ನೂ ಅವ್ವನೇ ಕತ್ತರಿಸಿ ಕೊಟ್ಟಿದ್ದು. ಭಾನುವಾರ ವೇದಿಕೆ ಹತ್ತೋ ಮುಂಚೆ ನಿನ್ನ ಸೆರಗಿಗೆ ಕಟ್ಟಿಕೋಬೇಕಂತೆ.