ದೇವರ ಗೂಡಿನ ಪೆನ್‌ಡ್ರೈವ್

ವಿಶ್ರುತಾ,

ಆಗದು ಎಂದು ಸ್ಕ್ರೀನೇ ಹೇಳಿದರೂ ಹಟ ಹಿಡಿದು ಹಳೆ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಿದೆಯಲ್ಲ, ಭೇಷ್.

ಆ ವಿಂಡೋಸ್ ತುಂಬಿಸಲೆಂದು ನೀನು ಇದ್ದದ್ದೆಲ್ಲ ಅಳಿಸಿ ಫಾರ್ಮ್ಯಾಟ್ ಮಾಡಿದ್ದು ದೇವರ ಗೂಡಿನಲ್ಲಿದ್ದ ಪೆನ್‌ಡ್ರೈವ್. ಆಯುಧಪೂಜೆಯ ಕುಂಕುಮ ಒರೆಸಿ ಚುಚ್ಚುವಾಗಲಾದರೂ ಇದು ಇಲ್ಲಿ ಯಾಕಿದೆ ಎಂದು ಕೇಳಬಾರದಿತ್ತಾ? ಅಪ್ಪ ಹೋದ ಮೇಲೆ ಅವರು ಹಾಡಿದ ಭಜನೆ ಉಳಿದಿದ್ದು ಅದರಲ್ಲಿ ಮಾತ್ರ. ಕಲ್ಯಾಣ್ ಸ್ಟೇಷನ್ ಹತ್ತಿರದ ಡೇಟಾ ರಿಕವರಿ ಅಂಗಡಿಯವನೂ ಏನೂ ಸಿಗಲಿಲ್ಲ ಅಂದ.

ನನಗೆ ಟ್ರೇನಿಗೆ ಹೊತ್ತಾಯಿತು. ಕುಕ್ಕರಿನಲ್ಲಿ ಗಂಜಿ ಇದೆ, ಉಪ್ಪಿನಕಾಯಿ ನೀನೇ ತೆಗೆದುಕೋ. ಅಮ್ಮನಿಗೆ ಬಿಪಿ ಮಾತ್ರೆ ಕೊಡಲು ಮರೆಯಬೇಡ.

ಸಂಜೆ ದೀಪ ಹಚ್ಚಿದ ಮೇಲೆ ಅವಳು "ಅಪ್ಪನ ಭಜನೆ ಹಾಕು ಮಗಾ" ಅನ್ನುತ್ತಾಳೆ. ನಿನ್ನೆ ನಾನು ಕರೆಂಟಿಲ್ಲ ಅಂದೆ. ತಲೆ ಮೇಲೆ ಫ್ಯಾನ್ ತಿರುಗುತ್ತಿತ್ತು. ಅಮ್ಮ ಅದನ್ನೇ ನೋಡಿದಳು.

ಇವತ್ತು ನೀನು ಹೇಳು.

ಅಕ್ಕ